ನಿಂತ ಗಾಡಿಗೂ ಒಂದು ಕಾಯ್ದೆಯಿದೆ

ಅಕ್ಕಿಆಲೂರು, ಹಾನಗಲ್ಲ ಕಡೆಯ ಬೆಳೆಗಾರರು ನಾಲ್ವರು ಕೂಡಿದಲ್ಲಿ ಅಡಿಕೆಯ ಧಾರಣೆಯ ಮಾತು ಮುಗಿದ ಮೇಲೆ ಬರುವುದು ದಂಡದ ಮಾತು. ಸಂತೆಗೆ ಹೋದಾಗ ಕಾರು ನಿಲ್ಲಿಸಿದ್ದಕ್ಕೆ ಚೀಟಿ ಬಂತು; ಗೊಬ್ಬರದ ಅಂಗಡಿಯ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿದರೆ ಪೊಲೀಸರು ಫೋಟೋ ಹಿಡಿದರು; ಹತ್ತು ನಿಮಿಷದ ಕೆಲಸಕ್ಕೆ 500 ರೂಪಾಯಿ ಹೋಯಿತು, ಇತ್ಯಾದಿ. ಈ ದೂರಿನಲ್ಲಿ ಅರ್ಧ ನ್ಯಾಯವಿದೆ. ಉಳಿದ ಅರ್ಧವನ್ನು ನಮ್ಮಲ್ಲಿ ಯಾರೂ ಆಡುವುದಿಲ್ಲವಾದ್ದರಿಂದ ಅದನ್ನು ಸದಸ್ಯ ಬಾಂಧವರ ಮುಂದಿಡಬೇಕೆಂದು ಈ ನಾಲ್ಕು ಮಾತು.

ಮೊದಲು ಕಾಯ್ದೆ ಏನು ಹೇಳುತ್ತದೆಂಬುದನ್ನು ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ 122ನೆಯ ಕಲಮಿನ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಅಪಾಯ, ಅಡ್ಡಿ ಅಥವಾ ಅನವಶ್ಯಕ ತೊಂದರೆ ಆಗುವಂತೆ ವಾಹನವನ್ನು ನಿಲ್ಲಿಸಕೂಡದು. ವಾಹನವೆಂದರೆ ಟ್ರೇಲರೂ ಸೇರಿತು. ಕಲಮಿನಲ್ಲಿ ಆ ಶಬ್ದವೇ ಇದೆ. 2017ರ ಚಾಲನಾ ನಿಯಮಾವಳಿಯು ಇದನ್ನು ಬಿಡಿಸಿ ಹೇಳಿದೆ: ಕೂಡುರಸ್ತೆಯ ಹತ್ತಿರ, ತಿರುವಿನಲ್ಲಿ, ಸೇತುವೆಯ ಮೇಲೆ, ಬಸ್ ನಿಲ್ಲುವಲ್ಲಿ, ಶಾಲೆ ಮತ್ತು ಆಸ್ಪತ್ರೆಯ ಬಾಗಿಲಲ್ಲಿ, ಜನ ನಡೆದಾಡುವ ಕಟ್ಟೆಯ ಮೇಲೆ, ಆಗಲೇ ನಿಂತ ಗಾಡಿಯ ಮಗ್ಗುಲಿಗೆ ಇನ್ನೊಂದನ್ನು ನಿಲ್ಲಿಸಬಾರದು. ತಪ್ಪಿದರೆ 177ನೆಯ ಕಲಮಿನಂತೆ ಮೊದಲ ಸಲ 500 ರೂಪಾಯಿ, ಮತ್ತೆ ಅದೇ ತಪ್ಪಾದರೆ 1,500 ರೂಪಾಯಿವರೆಗೆ ದಂಡ. 2019ರ ಸೆಪ್ಟೆಂಬರಿಗೆ ಮುಂಚೆ ಇದು 100 ಮತ್ತು 300 ರೂಪಾಯಿ ಇತ್ತು. ಹತ್ತು ತಾಸಿಗೂ ಮೇಲ್ಪಟ್ಟು ಬಿಟ್ಟುಹೋದ ಗಾಡಿಯನ್ನು ಪೊಲೀಸರು ಎಳೆಸಿಕೊಂಡು ಹೋಗಬಹುದು, ಎಳೆಸಿದ ಖರ್ಚೂ ಮಾಲೀಕನದೇ. ಅಪಾಯವಾಗುವಂತೆ ನಿಂತಿದ್ದರೆ ಹತ್ತು ತಾಸು ಕಾಯಬೇಕಾಗಿಲ್ಲ.

ಇನ್ನು ನಮ್ಮ ದೂರಿನ ನ್ಯಾಯವಾದ ಅರ್ಧ. ನಿಲ್ಲಿಸಬೇಡ ಎಂದು ಹೇಳುವ ಸರಕಾರವೇ ಎಲ್ಲಿ ನಿಲ್ಲಿಸಬೇಕೆಂದು ತೋರಿಸಬೇಕು. ಇದು ನಮ್ಮ ಹಟದ ಮಾತಲ್ಲ. ಅದೇ ಕಾಯ್ದೆಯ 117ನೆಯ ಕಲಮು ವಾಹನ ನಿಲುಗಡೆಯ ಸ್ಥಳಗಳನ್ನು ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ಗೊತ್ತುಮಾಡಲು ಅಧಿಕಾರ ಕೊಟ್ಟಿದೆ. ನಮ್ಮ ರಾಜ್ಯದಲ್ಲಿ ಜಿಲ್ಲಾಧಿಕಾರಿಗಳು ಪೊಲೀಸರ ವರದಿ ಪಡೆದು ಇಂಥ ಅಧಿಸೂಚನೆ ಹೊರಡಿಸುತ್ತಾರೆ. ಆದರೆ ಬಹುತೇಕ ಊರುಗಳಲ್ಲಿ ನಿಲ್ಲಿಸಬಾರದ ಜಾಗದ ಫಲಕ ಬೇಗ ಬರುತ್ತದೆ, ನಿಲ್ಲಿಸುವ ಜಾಗದ ಫಲಕ ಬರುವುದೇ ಇಲ್ಲ. ಸಂತೆಯ ದಿನ ಸುತ್ತಲ ಹಳ್ಳಿಗಳ ಬೈಕು, ಟಂಟಂ, ಟ್ರ್ಯಾಕ್ಟರುಗಳೆಲ್ಲ ಒಂದೇ ಪೇಟೆಯ ರಸ್ತೆಗೆ ಬಂದರೆ ಅವು ಆಕಾಶದಲ್ಲಿ ನಿಲ್ಲಲಾರವು. ಜಾಗ ತೋರಿಸದೆ ಹಾಕಿದ ದಂಡವನ್ನು ಜನ ಶಿಕ್ಷೆಯೆಂದು ತಿಳಿಯುವುದಿಲ್ಲ, ಸುಂಕವೆಂದು ತಿಳಿಯುತ್ತಾರೆ. ಬೆಂಗಳೂರಿನಲ್ಲಿ ಗಾಡಿ ಎತ್ತಿಕೊಂಡು ಹೋಗುವವರ ಮೇಲೆ ಜನ ಸಿಟ್ಟಿಗೆದ್ದು 2022ರ ಫೆಬ್ರವರಿಯಲ್ಲಿ ಸರಕಾರ ಆ ಕೆಲಸವನ್ನೇ ನಿಲ್ಲಿಸಬೇಕಾಯಿತು. ಮರುವರ್ಷ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟರು. 2025ರಲ್ಲಿಯೂ ಮತ್ತೆ ಕೊಟ್ಟರು. ಸೋಡಿ ಬಿಡುವ ಹೊತ್ತಿಗೆ ಕಟ್ಟಿದರಾಯಿತೆಂದು ಜನ ಕಲಿತರೆ ತಪ್ಪು ಯಾರದು?

ಇಷ್ಟು ಹೇಳಿದ ಮೇಲೆ ಇನ್ನರ್ಧಕ್ಕೆ ಬರುತ್ತೇನೆ, ಮತ್ತು ಅದು ಪೇಟೆಯದಲ್ಲ, ಊರ ಹೊರಗಿನ ರಸ್ತೆಯದು, ಹಗಲಿನದಲ್ಲ, ರಾತ್ರಿಯದು.

2024ರ ಜೂನ್ 28ರ ನಸುಕಿನಲ್ಲಿ ನಮ್ಮದೇ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸಿನ ಹತ್ತಿರ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ನಿಂತಿದ್ದ ಲಾರಿಗೆ ಹಿಂದಿನಿಂದ ಒಂದು ಟೆಂಪೋ ಟ್ರಾವೆಲರ್ ಬಡಿಯಿತು. 13 ಜನ ಸತ್ತರು. ದೇವರ ದರ್ಶನ ಮಾಡಿಕೊಂಡು ಊರಿಗೆ ಮರಳುತ್ತಿದ್ದ ಅವರು ಭದ್ರಾವತಿ ತಾಲೂಕಿನ ಎಮ್ಮೆಹಟ್ಟಿಯ ಕಡೆಯವರು, ನಮ್ಮ ಹಾಗೆಯೇ ಅಡಿಕೆಯ ನಾಡಿನವರು. ತಪ್ಪಿನ ಹೊಣೆ ಯಾರ ಮೇಲೆ ಎಷ್ಟು ಎಂಬುದು ನ್ಯಾಯಾಲಯಕ್ಕೆ ಬಿಟ್ಟ ವಿಷಯ, ನಾವು ತೀರ್ಪು ಕೊಡುವವರಲ್ಲ. ಆದರೆ ನಿಂತ ಗಾಡಿಯೂ ಕೊಲ್ಲಬಲ್ಲದೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಬೇಡ.

ಈಗ ನಮ್ಮ ರಸ್ತೆಗಳನ್ನು ನೋಡಿರಿ. ಸುಗ್ಗಿಯಲ್ಲಿ ಗೋವಿನಜೋಳ, ಭತ್ತ, ಅಡಿಕೆ ಹೇರಿದ ಟ್ರೇಲರುಗಳು; ಒಂದರ ಟೈರು ಒಡೆಯಿತೆಂದರೆ ಟ್ರ್ಯಾಕ್ಟರನ್ನು ಬಿಚ್ಚಿಕೊಂಡು ಊರಿಗೆ ಹೋಗುತ್ತೇವೆ, ಟ್ರೇಲರು ಡಾಂಬರಿನ ಮೇಲೆಯೇ ಬೆಳಗಿನವರೆಗೆ ನಿಲ್ಲುತ್ತದೆ. ಬಿಚ್ಚಿಟ್ಟ ಟ್ರೇಲರಿಗೆ ಬ್ಯಾಟರಿ ಇಲ್ಲ, ಆದ್ದರಿಂದ ಹಿಂದಿನ ದೀಪವಿದ್ದರೂ ಉರಿಯಲಾರದು. ಹಿಂಬದಿಯ ಹಲಗೆ ಮಣ್ಣು ಮೆತ್ತಿ ರಸ್ತೆಯ ಬಣ್ಣಕ್ಕೇ ತಿರುಗಿರುತ್ತದೆ. ತಾಸಿಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ದಾಟುತ್ತದೆ. ಡಿಮ್ ಮಾಡಿದ ದೀಪದಲ್ಲಿ, ಮಳೆಯಲ್ಲಿ, 40 ಮೀಟರ್ ಕಂಡರೆ ಹೆಚ್ಚು. ಅಂದರೆ ಸವಾರನಿಗೆ ಸಿಗುವುದು ಎರಡೂವರೆ ಸೆಕೆಂಡಿಗಿಂತ ಕಡಿಮೆ. ಎದುರಿನಿಂದ ಲಾರಿಯ ಬೆಳಕು ಕಣ್ಣಿಗೆ ಬಿದ್ದರೆ ಅದೂ ಇಲ್ಲ.

ಹಿಂದೆ ರಾತ್ರಿ ಚಕ್ಕಡಿ ಹೂಡುವವರು ಅಚ್ಚಿನ ಕೆಳಗೆ ಕಂದೀಲು ತೂಗಹಾಕುತ್ತಿದ್ದರು. ದೀಪವಿಲ್ಲದ ಸೈಕಲ್ಲಿಗೂ ಪೊಲೀಸರು ಹಿಡಿಯುತ್ತಿದ್ದ ಕಾಲ ಹಿರಿಯ ಸದಸ್ಯರ ನೆನಪಿನಲ್ಲಿರಬೇಕು. ಆ ಚಕ್ಕಡಿಯ ವೇಗ ಎಷ್ಟು, ಅದಕ್ಕೆ ಎದುರಾಗುತ್ತಿದ್ದ ಗಾಡಿಗಳೆಷ್ಟು? ಲಕ್ಷಗಟ್ಟಲೆ ಕೊಟ್ಟು ತಂದ ಟ್ರೇಲರಿನ ಬೆನ್ನಿಗೆ ಒಂದು ಕೆಂಪು ಪಟ್ಟಿ ಅಂಟಿಸಲು ನಮಗೆ ಪುರಸೊತ್ತಿಲ್ಲ.

ಕಲ್ಲುಗಳ ಸಂಗತಿಯನ್ನೂ ಹೇಳಲೇಬೇಕು. ಕೆಟ್ಟು ನಿಂತ ಗಾಡಿಯ ಹಿಂದೆ ನಾಲ್ಕು ದಪ್ಪ ಕಲ್ಲು, ಒಂದು ಹಸಿ ಟೊಂಗೆ ಇಡುವುದು ನಮ್ಮ ವಾಡಿಕೆ. ಏನೂ ಇಲ್ಲದ್ದಕ್ಕಿಂತ ಮೇಲು, ನಿಜ. ಆದರೆ ಗಾಡಿ ರಿಪೇರಿಯಾಗಿ ಹೋದ ಮೇಲೆ ಟೊಂಗೆ ಗಾಳಿಗೆ ಹಾರುತ್ತದೆ, ಕಲ್ಲು ಮಾತ್ರ ಡಾಂಬರಿನ ನಡುವೆ ಉಳಿಯುತ್ತದೆ. ಗಾಡಿಯಿಂದ ತಪ್ಪಿಸಿಕೊಂಡವನು ಕಲ್ಲಿಗೆ ಬೀಳುತ್ತಾನೆ. ರಸ್ತೆಯ ಮೇಲೆ ಗೋವಿನಜೋಳ ಹರವಿ ಅಂಚಿಗೆ ಕಲ್ಲು ಸಾಲಿಡುವುದೂ ಇದೇ ಜಾತಿಯ ಕೆಲಸ. ಕಣಕ್ಕೆ ಜಾಗವಿಲ್ಲದವರ ಕಷ್ಟ ನನಗೆ ಗೊತ್ತಿದೆ. ಕತ್ತಲಾಗುವ ಮುಂಚೆ ರಾಶಿ ಬಳಿದು ಕಲ್ಲು ಎತ್ತಿಡುವುದಕ್ಕೆ ಜಾಗ ಬೇಕಾಗಿಲ್ಲ. ಮಲೆನಾಡಿನ ಕಾಫಿ ಬೆಳೆಗಾರ ಮಿತ್ರರೂ ಇದರಿಂದ ಹೊರತಲ್ಲ. ಕೊಯ್ಲಿನ ದಿನಗಳಲ್ಲಿ ತೋಟದ ಗೇಟು ತಿರುವಿನಲ್ಲೇ ಇದೆಯೆಂದು ಪಿಕಪ್ಪನ್ನು ತಿರುವಿನಲ್ಲೇ ನಿಲ್ಲಿಸಿ ಚೀಲ ಹೇರುತ್ತಾರೆ. ಮಂಜು ಕವಿದ ಸಂಜೆ ಅದರ ಹಿಂದೆ ಬಸ್ಸು ಬರುತ್ತದೆ.

ದಂಡದ 500 ರೂಪಾಯಿಗೆ ಅಳುವವರು ಇನ್ನೊಂದು ಲೆಕ್ಕವನ್ನೂ ತಿಳಿದಿರಬೇಕು. ದೀಪ, ಗುರುತು ಯಾವುದೂ ಇಲ್ಲದೆ ರಸ್ತೆಯಲ್ಲಿ ನಿಂತ ಗಾಡಿಗೆ ಬಡಿದು ಯಾರಾದರೂ ಸತ್ತರೆ, ಅಪಘಾತ ಪರಿಹಾರ ನ್ಯಾಯಮಂಡಳಿಯು ತಪ್ಪಿನಲ್ಲಿ ಒಂದು ಪಾಲನ್ನು ನಿಂತ ಗಾಡಿಯ ಮೇಲೂ ಹೊರಿಸಬಲ್ಲದು. ಕೆಲವೊಮ್ಮೆ ಪೂರ್ತಿ ಹೊರಿಸಬಲ್ಲದು. ಟ್ರ್ಯಾಕ್ಟರಿಗೆ ವಿಮೆ ಮಾಡಿಸಿ ಟ್ರೇಲರನ್ನು ಬಿಟ್ಟವರು, ಬೇಸಾಯದ ಹೆಸರಿನಲ್ಲಿ ವಿಮೆ ಮಾಡಿಸಿ ಇಟ್ಟಂಗಿ, ಉಸುಕು ಬಾಡಿಗೆಗೆ ಹೇರುವವರು ನಮ್ಮಲ್ಲಿ ಎಷ್ಟು ಜನರಿಲ್ಲ? ಅಂಥವರ ವಿಷಯದಲ್ಲಿ ವಿಮಾ ಕಂಪನಿ ಕೈ ತೊಳೆದುಕೊಂಡರೆ ಪರಿಹಾರ ಬರುವುದು ಎರಡೆಕರೆ ತೋಟದ ಮೇಲೆ. ಇದರ ಮೇಲೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 285ನೆಯ ಕಲಮಿನಲ್ಲಿ ಸಾರ್ವಜನಿಕ ದಾರಿಗೆ ಅಡ್ಡಿ ಅಥವಾ ಅಪಾಯ ತಂದವರಿಗೆ 5,000 ರೂಪಾಯಿವರೆಗೆ ದಂಡವಿದೆ. ಹಳೆಯ ದಂಡಸಂಹಿತೆಯಲ್ಲಿ ಇದು 200 ರೂಪಾಯಿ ಇತ್ತು.

ನನ್ನ ತಕರಾರು ದಂಡದ ಮೊತ್ತದ ಮೇಲಲ್ಲ, ಅದರ ಕುರುಡುತನದ ಮೇಲೆ. ಮಧ್ಯಾಹ್ನ ಬಟ್ಟೆ ಅಂಗಡಿಯ ಮುಂದೆ ಸೊಟ್ಟಗೆ ನಿಂತ ಕಾರಿಗೂ 500, ಮಧ್ಯರಾತ್ರಿ ತಿರುವಿನಲ್ಲಿ ದೀಪವಿಲ್ಲದೆ ನಿಂತ ಟ್ರೇಲರಿಗೂ 500. ಮೊದಲನೆಯದು ಕಿರಿಕಿರಿ, ಎರಡನೆಯದು ಕೊಲೆಯ ನೆರೆಮನೆ. ಪೊಲೀಸರ ಗಮನವೆಲ್ಲ ಮೊದಲನೆಯದರ ಮೇಲೆ, ಏಕೆಂದರೆ ಅದು ಹಗಲಿನಲ್ಲಿ, ಪೇಟೆಯಲ್ಲಿ, ಕೈಗೆ ಸಿಗುವಂತೆ ನಿಂತಿರುತ್ತದೆ. ರಾತ್ರಿಯ ಗಸ್ತಿನವರು ಟ್ರೇಲರಿನ ಹಿಂದೆ ನಿಂತು ಒಂದು ಚೀಟಿ ಬರೆದರೆ ನಾವು ಯಾರೂ ಬೇಸರಪಡಬಾರದು. ನಿಜಕ್ಕೂ ಕೆಟ್ಟು ನಿಂತು, ಸಾಗಿಸುವ ವ್ಯವಸ್ಥೆ ನಡೆದಿರುವ ಗಾಡಿಗೆ ಕಾಯ್ದೆಯ 201ನೆಯ ಕಲಮಿನಲ್ಲಿಯೇ ವಿನಾಯಿತಿ ಉಂಟು. ಆದ್ದರಿಂದ ಬಡವನಿಗೆ ಅನ್ಯಾಯವಾಗುತ್ತದೆಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಎರಡು ಕೆಲಸಗಳನ್ನು ಸಂಘ ಕೈಗೆತ್ತಿಕೊಳ್ಳಬಹುದು. ಸಂತೆಯ ದಿನ ಟ್ರ್ಯಾಕ್ಟರು, ಪಿಕಪ್ಪುಗಳಿಗೆ ಊರಂಚಿನಲ್ಲಿ ಒಂದು ಬಯಲು ಗೊತ್ತುಮಾಡಿ, 117ನೆಯ ಕಲಮಿನಂತೆ ಅಧಿಸೂಚನೆ ಹೊರಡಿಸಬೇಕೆಂದು ಪಂಚಾಯತಿಯ ಠರಾವಿನೊಂದಿಗೆ ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಡುವುದು ಒಂದು. ಅರ್ಜಿಯಲ್ಲಿ ಜಾಗದ ಸರ್ವೆ ನಂಬರು ಇರಲಿ. ಬರೀ ‘ಅನುಕೂಲ ಮಾಡಿಕೊಡಬೇಕು’ ಎಂದು ಬರೆದ ಅರ್ಜಿಗಳು ಕಡತದಲ್ಲೇ ಮುಪ್ಪಾಗುತ್ತವೆ. ಇನ್ನೊಂದು, ಕೆಂಪು ಪ್ರತಿಫಲಕ ಪಟ್ಟಿಯನ್ನೂ ಮಡಚುವ ತ್ರಿಕೋನವನ್ನೂ ಸಗಟಾಗಿ ಕೊಂಡು, ಗೊಬ್ಬರ, ಸುಣ್ಣ, ಮೈಲುತುತ್ತದ ಜೊತೆಗೆ ಕೌಂಟರಿನಲ್ಲಿ ಅಸಲಿನ ಬೆಲೆಗೆ ಇಡುವುದು. ಟ್ರೇಲರ್ ಇದ್ದ ಸದಸ್ಯರ ಪಟ್ಟಿ ಸಂಘದಲ್ಲಿ ಇದ್ದೇ ಇದೆ. ಅಡಿಕೆ ಕೊಯ್ಲು ಶುರುವಾಗುವ ಮುಂಚೆ ಒಂದು ದಿನ ಅವೆಲ್ಲವನ್ನೂ ಗೋದಾಮಿನ ಅಂಗಳಕ್ಕೆ ತರಿಸಿ, ಹಿಂಬದಿಯ ಹಲಗೆ ತೊಳೆಸಿ, ಎಡಕ್ಕೊಂದು ಬಲಕ್ಕೊಂದು ಪಟ್ಟಿ ಅಂಟಿಸಿ ಕಳಿಸಬೇಕು. ಪಟ್ಟಿಯ ಹಣವನ್ನು ಮುಂದಿನ ಅಡಿಕೆಯ ಲೆಕ್ಕದಲ್ಲಿ ಮುರಿದುಕೊಂಡರೂ ಆದೀತು.