ಚಿಕ್ಕ ಜನರೇಟರು, ದೊಡ್ಡ ಏಸಿ ಮತ್ತು ಬಾಲ್ಕನಿ

ಚೆನ್ನೈಯಲ್ಲಿ ಕತ್ತರಿ ಬಿಸಿಲು ಶುರುವಾಯಿತೆಂದರೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದೇ ಮಾತು: ರಾತ್ರಿ ಕರೆಂಟ್ ಹೋದರೆ ಏಸಿಗೆ ಏನು ಗತಿ? 2012ರಲ್ಲಿ ಇದ್ದಂತೆ ದಿನಕ್ಕೆ ಎರಡು ಗಂಟೆ ಅಂತ ಲೆಕ್ಕ ಇಟ್ಟು ತೆಗೆಯುವ ಕಾಲ ಈಗಿಲ್ಲ, ನಿಜ. ಆದರೆ ಮೇ ತಿಂಗಳ ನಡುರಾತ್ರಿ, ಎಲ್ಲರ ಮನೆಯ ಏಸಿಯೂ ಒಟ್ಟಿಗೆ ಓಡುವಾಗ, ಬೀದಿಯ ಟ್ರಾನ್ಸ್‌ಫಾರ್ಮರ್ ಕೈಕೊಡುವುದು ಇದ್ದೇ ಇದೆ. 2016ರ ಡಿಸೆಂಬರಿನಲ್ಲಿ ವರ್ದಾ ಚಂಡಮಾರುತ ಬಂದಾಗ ದಿನಗಟ್ಟಲೆ ಕತ್ತಲಲ್ಲಿ ಕೂತದ್ದನ್ನು ಯಾರೂ ಮರೆತಿಲ್ಲ. ಹನ್ನೆರಡು ಮನೆಗಳ ನಮ್ಮ ಕಟ್ಟಡದ ಹಳೇ ಡೀಸೆಲ್ ಸೆಟ್ಟು ಲಿಫ್ಟ್, ಪಂಪು, ಮೆಟ್ಟಿಲ ಬಲ್ಬು ಇಷ್ಟಕ್ಕೇ ಸುಸ್ತು. ಹಾಗಾಗಿ ಈಗ ಮೂರು ಮನೆಗಳಲ್ಲಿ ಸೂಟ್‌ಕೇಸಿನಷ್ಟು ದೊಡ್ಡ ಪೆಟ್ರೋಲ್ ಜನರೇಟರ್ ಬಂದು ಕೂತಿದೆ. ಎಲ್ಲಿ ಕೂತಿದೆ ಅಂತೀರಾ? ಬಾಲ್ಕನಿಯಲ್ಲಿ!

ಅದಕ್ಕೇ ಈ ಬರಹ. ಎರಡು ಮಾತು ಹೇಳಬೇಕಿದೆ. ಒಂದು, ಏಸಿ ಸ್ಟಾರ್ಟ್ ಆಗಲಿಲ್ಲವೆಂದು ಇನ್ನೂ ದೊಡ್ಡ ಜನರೇಟರ್ ತರುವುದು ದಂಡ. ಎರಡು, ಫ್ಲಾಟಿನ ಬಾಲ್ಕನಿಯಲ್ಲಿ ಜನರೇಟರ್ ಇಡುವುದು ಬರೀ ದಂಡವಲ್ಲ, ಅಪಾಯ.

ಮೊದಲನೆಯದು. 2 ಕೆವಿಎ ಅಂತ ಬರೆದಿರುವ ಚಿಕ್ಕ ಜನರೇಟರು ನಿರಂತರವಾಗಿ ಕೊಡುವುದು ಸುಮಾರು 1,800 ವ್ಯಾಟ್, ಅಂದರೆ ನಮ್ಮ 230 ವೋಲ್ಟಿನಲ್ಲಿ ಎಂಟು ಆಂಪಿಯರ್ ಆಸುಪಾಸು. ಹಳೆಯ ಮಾದರಿಯ ಒಂದೂವರೆ ಟನ್ ಏಸಿ ಓಡುವಾಗ ತಿನ್ನುವುದೂ ಹೆಚ್ಚು ಕಡಿಮೆ ಅಷ್ಟೇ. ಕಾಗದದ ಮೇಲೆ ಲೆಕ್ಕ ಸರಿಹೋಯಿತು. ಆದರೆ ಸ್ವಿಚ್ ಹಾಕಿದರೆ ಜನರೇಟರ್ ಒಮ್ಮೆ ನರಳಿ ಟ್ರಿಪ್ ಆಗುತ್ತದೆ. ಯಾಕೆ?

ರುಬ್ಬುವ ಕಲ್ಲು ಬಳಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಕ್ಕಿ ತುಂಬಿದ ಒರಳಲ್ಲಿ ಗುಂಡಿನ ಮೊದಲ ಸುತ್ತೇ ಕಷ್ಟ, ಆಮೇಲೆ ಅದೇ ತಿರುಗುತ್ತದೆ. ಕಂಪ್ರೆಸರಿನ ಮೋಟಾರೂ ಹಾಗೇ. ತಿರುಗುತ್ತಿರುವ ಮೋಟಾರು ತನ್ನೊಳಗೇ ಒಂದು ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ತಡೆದು ಹಿಡಿಯುತ್ತದೆ. ನಿಂತಿರುವ ಮೋಟಾರಿಗೆ ಆ ತಡೆ ಇಲ್ಲ. ಹಾಗಾಗಿ ಮೊದಲ ಅರೆಗಳಿಗೆ ಅದು ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಎಂಟು ಆಂಪಿಯರ್ ಬದಲು ನಲವತ್ತು. ಮನೆಗೆ ಬರುವ ಲೈನಿಗೆ ಇದು ಲೆಕ್ಕಕ್ಕೇ ಇಲ್ಲ, ದೀಪ ಒಮ್ಮೆ ಕಣ್ಣು ಮಿಟುಕಿಸಿದರೆ ಮುಗಿಯಿತು. ಚಿಕ್ಕ ಜನರೇಟರಿಗೆ ಮಾತ್ರ ಎದೆ ಮೇಲೆ ಕಲ್ಲು ಬಿದ್ದಂತೆ. ಅದರ ವೋಲ್ಟೇಜ್ ಕುಸಿಯುತ್ತದೆ. ಮೋಟಾರಿನ ತಿರುಗುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ವೋಲ್ಟೇಜ್ ನೂರಕ್ಕೆ ಎಪ್ಪತ್ತಾದರೆ ಬಲ ಅರ್ಧವೇ. ಬಲ ಸಾಲದೆ ಕಂಪ್ರೆಸರ್ ತಿರುಗುವುದಿಲ್ಲ, ತಿರುಗದಿದ್ದರೆ ಕರೆಂಟ್ ಇಳಿಯುವುದಿಲ್ಲ. ಕೊನೆಗೆ ಯಾವುದೋ ಒಂದು ಟ್ರಿಪ್ ಆಗಬೇಕು.

ಅಂಗಡಿಯವನ ಪರಿಹಾರ ಸುಲಭ: "ಐದು ಕೆವಿಎ ತೊಗೊಳ್ಳಿ ಸಾರ್." ಅರೆಗಳಿಗೆಯ ಕೆಲಸಕ್ಕಾಗಿ ಮೂರು ಪಟ್ಟು ದುಡ್ಡು, ಎತ್ತಲಾಗದ ತೂಕ, ಬೀದಿಗೆಲ್ಲ ಕೇಳುವ ಸದ್ದು. ನೆಗಡಿ ಬಂತೆಂದು ಮೂಗು ಕೊಯ್ದಂತೆ.

ಈ ಸಮಸ್ಯೆಯನ್ನು ಸರಿಯಾಗಿ ಬಿಡಿಸಿದವರು ಅಮೆರಿಕದ ಆರ್‌ವಿ ಮಂದಿ. ಅಲ್ಲಿ ಮನೆಯನ್ನೇ ಚಕ್ರದ ಮೇಲೆ ಕಟ್ಟಿಕೊಂಡು ಊರೂರು ತಿರುಗುವವರಿದ್ದಾರೆ. ನಮ್ಮವರ ಮಕ್ಕಳೂ ಅಲ್ಲಿ ಬಾಡಿಗೆಗೆ ಅಂಥ ಗಾಡಿ ಹಿಡಿದು ಯೆಲ್ಲೋಸ್ಟೋನ್ ನೋಡಿ ಬಂದು ಫೋಟೋ ಕಳಿಸುತ್ತಾರಲ್ಲ, ಅದೇ. ಆ ಗಾಡಿಯ ಚಾವಣಿಯ ಮೇಲೆ ಸಾಮಾನ್ಯವಾಗಿ 13,500 ಬಿಟಿಯು ಏಸಿ ಇರುತ್ತದೆ, ನಮ್ಮ ಲೆಕ್ಕದಲ್ಲಿ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು. ಅಲ್ಲಿನ 120 ವೋಲ್ಟಿನಲ್ಲಿ ಅದು ಓಡಲು ಹನ್ನೆರಡು-ಹದಿಮೂರು ಆಂಪಿಯರ್ ಸಾಕು, ಶುರುವಾಗಲು ಐವತ್ತಕ್ಕೂ ಮೇಲೆ ಬೇಕು. ಅವರು ಹೊತ್ತೊಯ್ಯುವ ಹೋಂಡಾ ಇಯು2200ಐ ನಿರಂತರವಾಗಿ ಕೊಡುವುದು 1,800 ವ್ಯಾಟ್, ಅಂದರೆ 15 ಆಂಪಿಯರ್. ನಮ್ಮದೇ ಕಥೆ ನೋಡಿ!

ಅವರ ಉಪಾಯ ಸಾಫ್ಟ್ ಸ್ಟಾರ್ಟರ್ ಎಂಬ ಪುಟ್ಟ ಡಬ್ಬಿ. ಕಂಪ್ರೆಸರಿನ ತಂತಿಗೆ ಜೋಡಿಸಿದರೆ ಅದು ಕರೆಂಟನ್ನು ಒಮ್ಮೆಲೇ ಬಿಡದೆ ಮೆಲ್ಲಗೆ ಏರಿಸುತ್ತದೆ, ಆರಂಭದ ಎಳೆತ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಕೆಲವು ಮಾದರಿಗಳು ಮೊದಲ ನಾಲ್ಕೈದು ಸ್ಟಾರ್ಟುಗಳಲ್ಲಿ ಆ ಕಂಪ್ರೆಸರಿನ ಸ್ವಭಾವ ಕಲಿತುಕೊಳ್ಳುತ್ತವೆ ಕೂಡ. ಹಾರ್ಡ್ ಸ್ಟಾರ್ಟ್ ಕಿಟ್ ಎಂಬ ಅಗ್ಗದ ಕೆಪಾಸಿಟರ್ ಬೇರೆ. ಅದು ತಿರುಗುವ ಬಲ ಹೆಚ್ಚಿಸುತ್ತದೆಯೇ ಹೊರತು ಎಳೆತವನ್ನು ಅಷ್ಟಾಗಿ ಇಳಿಸುವುದಿಲ್ಲ. ಎರಡಕ್ಕೂ ಒಂದೇ ಹೆಸರು ಹೇಳಿ ಮಾರುವವರಿದ್ದಾರೆ, ಹುಷಾರು. ಜೊತೆಗೆ ಖರ್ಚಿಲ್ಲದ ಉಪಾಯಗಳೂ ಇವೆ: ಜನರೇಟರಿನ ಇಕೋ ಮೋಡ್ ಆರಿಸುವುದು, ಮೊದಲು ಬರೀ ಫ್ಯಾನ್ ಓಡಿಸುವುದು, ನಿಂತ ಏಸಿಯನ್ನು ಮತ್ತೆ ಹಾಕುವ ಮುಂಚೆ ಮೂರು ನಿಮಿಷ ಕಾಯುವುದು. ಒಳಗಿನ ಗ್ಯಾಸಿನ ಒತ್ತಡ ಎರಡೂ ಕಡೆ ಸಮವಾಗದೆ ಕಂಪ್ರೆಸರ್ ಏಳುವುದಿಲ್ಲ.

ನಮಗೆ ಇನ್ನೂ ಸುಲಭದ ದಾರಿ ಇದೆ. ನಮ್ಮ ಅಂಗಡಿಗಳಲ್ಲಿ ಈಗ ಸಿಗುವ ಇನ್ವರ್ಟರ್ ಏಸಿಗಳಲ್ಲಿ ಈ ಮೆಲ್ಲಗೆ ಏಳುವ ಗುಣ ಹುಟ್ಟಿನಿಂದಲೇ ಇದೆ. ಕಂಪ್ರೆಸರ್ ನಿಧಾನವಾಗಿ ವೇಗ ಪಡೆಯುತ್ತದೆ, ಆರಂಭದ ಎಳೆತ ಅನ್ನುವುದೇ ಇಲ್ಲದಂತೆ. ಒಂದು ಟನ್ನಿನ ಐದು ಸ್ಟಾರ್ ಏಸಿಗೆ ಪೂರ್ತಿ ಓಟದಲ್ಲೂ ಸುಮಾರು ಸಾವಿರ ವ್ಯಾಟ್ ಸಾಕು. ಹಾಗಾಗಿ ಹಳೇ ಏಸಿ ಇಟ್ಟುಕೊಂಡು ಜನರೇಟರ್ ದೊಡ್ಡದು ಮಾಡುವ ಬದಲು ಮಲಗುವ ಕೋಣೆಯ ಏಸಿ ಬದಲಿಸಿ. ಕರೆಂಟ್ ಇರುವ ದಿನಗಳಲ್ಲೂ ಬಿಲ್ಲು ಇಳಿಯುತ್ತದೆ.

ಇನ್ನು ಎರಡನೆಯ ಮಾತು. ಆರ್‌ವಿಯವರ ಉಪಾಯವನ್ನು ಕಲಿಯೋಣ, ಆದರೆ ಅವರ ಜಾಗ ನಮಗಿಲ್ಲ. ಅವರ ಸುತ್ತ ಬಯಲು. ಅಲ್ಲೂ ರಾಷ್ಟ್ರೀಯ ಉದ್ಯಾನಗಳಲ್ಲಿ ಜನರೇಟರಿನ ಸದ್ದು 50 ಅಡಿ ದೂರದಲ್ಲಿ 60 ಡೆಸಿಬಲ್ ಮೀರುವಂತಿಲ್ಲ. ಬಯಲಿದ್ದೂ ಆ ದೇಶದಲ್ಲಿ ಇಂಥ ಜನರೇಟರುಗಳ ಕಾರ್ಬನ್ ಮಾನಾಕ್ಸೈಡಿನಿಂದ ವರ್ಷಕ್ಕೆ ಸುಮಾರು ನೂರು ಜನ ಸಾಯುತ್ತಾರೆಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗದ ಅಂದಾಜು. ಈ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ. ಜನರೇಟರು ಕಿಟಕಿ-ಬಾಗಿಲುಗಳಿಂದ ಕನಿಷ್ಠ 20 ಅಡಿ ದೂರ ಇರಬೇಕು ಅನ್ನುವುದು ನಿಯಮ. ನಿಮ್ಮ ಬಾಲ್ಕನಿ ಎಷ್ಟು ಅಡಿ? ನಮ್ಮದು ನಾಲ್ಕು.

"ಬಾಗಿಲು ಮುಚ್ಚಿರುತ್ತೇವಲ್ಲ" ಅನ್ನುತ್ತಾರೆ. ನಿಮ್ಮ ಬಾಗಿಲು ಮುಚ್ಚಿದೆ ಸ್ವಾಮಿ, ಮೇಲಿನ ಮನೆಯವರದು? ಏಸಿ ಇಲ್ಲದ ಅಜ್ಜಿ ಕಿಟಕಿ ತೆರೆದು ಮಲಗಿರುತ್ತಾರೆ. ನಿಮ್ಮ ತಂಪಿಗೆ ಅವರ ಉಸಿರು ಬೆಲೆ ತೆರಬೇಕೆ? ಇದರ ಮೇಲೆ ಗಂಟೆಗೆ ಒಂದು ಲೀಟರಿನ ಲೆಕ್ಕದಲ್ಲಿ ಪೆಟ್ರೋಲನ್ನು ಕ್ಯಾನಿನಲ್ಲಿ ತುಂಬಿ ಅಡುಗೆಮನೆ ಪಕ್ಕ ಇಡುವುದು ಬೇರೆ. ಇನ್ನು ಕೆಲವರು ಜನರೇಟರಿನ ವೈರನ್ನು ನೇರ ಗೋಡೆಯ ಪ್ಲಗ್ಗಿಗೇ ಚುಚ್ಚುತ್ತಾರೆ. ಮೇನ್ ಸ್ವಿಚ್ ಆರಿಸುವುದು ಮರೆತರೆ ಆ ಕರೆಂಟ್ ಹಿಮ್ಮುಖವಾಗಿ ಬೀದಿಯ ಲೈನಿಗೆ ಹೋಗುತ್ತದೆ. ನಡುರಾತ್ರಿ ಕಂಬ ಹತ್ತಿ ನಮಗಾಗಿ ದುಡಿಯುವ ಲೈನ್‌ಮ್ಯಾನಿಗೆ ಅದು ತಗಲುತ್ತದೆ.

ಹಾಗಾದರೆ ಮುದುಕರು, ಮಕ್ಕಳು ಸೆಕೆಯಲ್ಲಿ ಬೇಯಬೇಕೆ? ಬೇಡ. ಇದು ಒಬ್ಬೊಬ್ಬರೇ ಬಗೆಹರಿಸುವ ವಿಷಯವಲ್ಲ ಅನ್ನುವುದೇ ನನ್ನ ವಾದ. ಹನ್ನೆರಡು ಮನೆಗೆ ತಲಾ ಒಂದು ಕೋಣೆ, ಒಂದು ಟನ್ನಿನ ಇನ್ವರ್ಟರ್ ಏಸಿ: ಒಟ್ಟು 12 ಕಿಲೋವ್ಯಾಟ್. ಲಿಫ್ಟು, ಪಂಪು ಸೇರಿಸಿದರೂ ಸದ್ದು ತಡೆಯುವ ಪೆಟ್ಟಿಗೆಯೊಳಗಿನ ಒಂದು 25 ಕೆವಿಎ ಡೀಸೆಲ್ ಸೆಟ್ಟು ಸಾಕು. ಅದನ್ನು ನೆಲದ ಮೇಲೆ, ಹೊಗೆಯ ಕೊಳವೆಯನ್ನು ಚಾವಣಿಗಿಂತ ಎತ್ತರಕ್ಕೆ ಒಯ್ದು, ಸರಿಯಾದ ಚೇಂಜ್‌ಓವರ್ ಸ್ವಿಚ್ಚಿನೊಂದಿಗೆ ಇಡಬಹುದು. ಷರತ್ತು ಒಂದೇ, ಆ ಸಾಲಿಗೆ ಹಳೇ ಮಾದರಿಯ ಏಸಿ ಜೋಡಿಸುವಂತಿಲ್ಲ. ಆ ಸೆಟ್ಟು ಒಂದು ಫೇಸಿಗೆ ಕೊಡುವುದೇ 35 ಆಂಪಿಯರ್. ಹಳೇ ಏಸಿ ನಾಲ್ಕು ಒಟ್ಟಿಗೆ ಏಳಲು ಹೊರಟರೆ 160 ಬೇಕು!

ಅಸೋಸಿಯೇಷನ್ ಮೀಟಿಂಗಿನಲ್ಲಿ ಇದನ್ನು ಎತ್ತಿದರೆ "ಯಾರು ದುಡ್ಡು ಕೊಡ್ತಾರೆ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಹನ್ನೆರಡು ಮನೆಯವರು ಬಿಡಿಬಿಡಿಯಾಗಿ ಜನರೇಟರ್ ಕೊಂಡರೆ ಆಗುವ ಖರ್ಚನ್ನು ಕೂಡಿ ತೋರಿಸಿ, ಉತ್ತರ ಅದರಲ್ಲೇ ಇದೆ. ಪರವೂರಿನಲ್ಲಿ ಇಷ್ಟು ವರ್ಷ ಬದುಕಿದ ನಮಗೆ ನೆರೆಯವರೇ ನೆಂಟರು. ಆ ನೆಂಟರ ಕಿಟಕಿಗೆ ಹೊಗೆ ಬಿಡುವ ತಂಪು ನಮಗೆ ಬೇಡ. ನೀವೇನಂತೀರಿ?