ರಜೆಯ ದಿನಾಂಕಕ್ಕೂ ಒಂದು ಬೆಲೆಯಿದೆ

ಶಾಲಾ ರಜೆಯೆಂದರೆ ಮಕ್ಕಳ ಸಂಭ್ರಮ ಎಂದಷ್ಟೇ ನಾವು ಭಾವಿಸುತ್ತೇವೆ. ಅರ್ಥಶಾಸ್ತ್ರ ಓದಿದ ನನಗೆ ಅದು ಬೇಡಿಕೆ ಮತ್ತು ಪೂರೈಕೆಯ ಪ್ರಶ್ನೆಯಾಗಿಯೂ ಕಾಣುತ್ತದೆ. 2025-26ನೇ ಸಾಲಿನಲ್ಲಿ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಏಪ್ರಿಲ್ 11ರಿಂದ ಮೇ 28ರವರೆಗೆ ಬೇಸಿಗೆ ರಜೆ ನಿಗದಿಯಾಗಿತ್ತು. ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ದಿನಾಂಕ. ಇಡೀ ರಾಜ್ಯ ಒಂದೇ ವಾರದಲ್ಲಿ ಊರಿಗೆ ಹೊರಟರೆ ಸೀಟು ಸಿಗುವುದಾದರೂ ಹೇಗೆ? ಖಾಸಗಿ ಬಸ್ಸುಗಳ ದರ ಏರುವುದೂ ಇಂಥ ದಿನಗಳಲ್ಲೇ. ಉಳ್ಳವರು ಹೆಚ್ಚು ತೆತ್ತು ಹೋಗುತ್ತಾರೆ. ಬೆಂಗಳೂರಿಗೆ ದುಡಿಯಲು ಬಂದ ಕಲಬುರಗಿಯ ಕುಟುಂಬ ಸಾಮಾನ್ಯ ಬೋಗಿಯಲ್ಲಿ ರಾತ್ರಿಯಿಡೀ ನಿಂತು ಪ್ರಯಾಣಿಸುತ್ತದೆ.

ಫ್ರಾನ್ಸ್ ಇದಕ್ಕೊಂದು ಸರಳ ಉಪಾಯ ಕಂಡುಕೊಂಡಿದೆ. ಆ ದೇಶವನ್ನು ಮೂರು ವಲಯಗಳಾಗಿ ವಿಂಗಡಿಸಿ, ಚಳಿಗಾಲದ ಹಾಗೂ ವಸಂತದ ರಜೆಗಳನ್ನು ಹಂತಹಂತವಾಗಿ ಕೊಡುತ್ತಾರೆ. 2026ರ ವಸಂತ ರಜೆಯ ಆರಂಭಕ್ಕೆ ಅಲ್ಲಿ ಗೊತ್ತುಪಡಿಸಿದ ದಿನಗಳು ಏಪ್ರಿಲ್ 4, 11 ಮತ್ತು 18. ರಜೆಯ ಅವಧಿ ಎಲ್ಲರಿಗೂ ಸಮಾನ; ದಟ್ಟಣೆ ಮಾತ್ರ ಹಂಚಿಹೋಗುತ್ತದೆ.

ನಮ್ಮಲ್ಲಿ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಎಂಬ ನಾಲ್ಕು ಕಂದಾಯ ವಿಭಾಗಗಳು ಸಿದ್ಧವಾಗಿಯೇ ಇವೆ. ಬಿಸಿಲು ಬೇಗ ಕಾಯುವ ಕಲಬುರಗಿಗೆ ಒಂದು ವಾರ ಮೊದಲು ರಜೆ ಕೊಟ್ಟರೆ ಅದು ಹವಾಮಾನಕ್ಕೂ ಒಪ್ಪುತ್ತದೆ. ಪತಿ-ಪತ್ನಿ ಬೇರೆ ಬೇರೆ ವಿಭಾಗಗಳಲ್ಲಿ ಶಿಕ್ಷಕರಾಗಿದ್ದರೆ ತೊಂದರೆಯಾಗದೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅಂತರ ಒಂದೇ ವಾರದ್ದಾದರೆ, ಉಳಿದ ಐದಾರು ವಾರಗಳು ಅವರಿಗೆ ಒಟ್ಟಿಗೇ ದೊರೆಯುತ್ತವೆ.

ದಿನಾಂಕ ಹಂಚುವುದಕ್ಕಿಂತಲೂ ಮುಖ್ಯವಾದದ್ದು ಪ್ರಕಟಿಸಿದ ದಿನಾಂಕಕ್ಕೆ ಬದ್ಧವಾಗಿರುವುದು. 2025ರಲ್ಲಿ ದಸರಾ ರಜೆ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು. ಶಿಕ್ಷಕರು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ತೊಡಗಿದ್ದ ಕಾರಣ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು 18ರವರೆಗೆ ವಿಸ್ತರಿಸಿದ ನಿರ್ಧಾರ ಹೊರಬಿದ್ದದ್ದು ಅದೇ ಕೊನೆಯ ದಿನ. ಸಮೀಕ್ಷೆ ಬೇಕೇ ಬೇಡವೇ ಎಂಬುದು ಬೇರೆ ಚರ್ಚೆ. ಆದರೆ ಶಾಲೆಯ ಬಿಸಿಯೂಟವನ್ನು ನಂಬಿ ಮರುದಿನ ಕೂಲಿಗೆ ಹೊರಡಲಿದ್ದ ತಾಯಿಗೆ ಉತ್ತರಿಸುವವರು ಯಾರು?

ಸೇವೆಯಲ್ಲಿದ್ದಷ್ಟು ಕಾಲ ನಾನು ಗಮನಿಸಿದ್ದೇನೆ: ಸುತ್ತೋಲೆಗೆ ಸಹಿ ಹಾಕುವ ಕಚೇರಿಗೆ ಅದರ ಖರ್ಚು ಕಾಣುವುದಿಲ್ಲ, ಅದು ಲಕ್ಷಾಂತರ ಮನೆಗಳ ಲೆಕ್ಕದಲ್ಲಿ ಬೀಳುತ್ತದೆ. ಆದ್ದರಿಂದ ಮೂರು ವರ್ಷಗಳ ರಜಾ ವೇಳಾಪಟ್ಟಿಯನ್ನು ವಿಭಾಗವಾರು ಮುಂಗಡವಾಗಿ ಪ್ರಕಟಿಸಲಿ. ವಿಪತ್ತಿನ ಸಂದರ್ಭವನ್ನು ಬಿಟ್ಟರೆ ಬದಲಾವಣೆಗೆ ಕನಿಷ್ಠ 60 ದಿನಗಳ ಸೂಚನೆ ಕಡ್ಡಾಯವಾಗಲಿ. 2024ರ ನವೆಂಬರ್‌ನಲ್ಲಿ ರೈಲ್ವೆ ಮುಂಗಡ ಕಾಯ್ದಿರಿಸುವಿಕೆಗೆ ಗೊತ್ತುಪಡಿಸಿದ ಅವಧಿಯೂ ಅಷ್ಟೇ. ಇದಕ್ಕೆ ಬೊಕ್ಕಸದಿಂದ ಹೆಚ್ಚೇನೂ ವ್ಯಯವಾಗದು. ಬೇಕಿರುವುದು ಕೊಂಚ ಮುಂದಾಲೋಚನೆ.