ನೊರೆಗೆ ಬಣ್ಣ ಬಳಿಯಬೇಕಿಲ್ಲ

ಪರಿಸರ ಚಳವಳಿಗೆ ಛಾಯಾಚಿತ್ರ ಅಲಂಕಾರವಲ್ಲ, ಸಾಕ್ಷ್ಯ. ಸಾಕ್ಷ್ಯದಲ್ಲಿ ಒಂದೆಳೆ ಸುಳ್ಳು ಸೇರಿದರೂ ಉಳಿದ ನಿಜವೆಲ್ಲ ಅನುಮಾನಕ್ಕೆ ಗುರಿಯಾಗುತ್ತದೆ. ಎಚ್‌ಡಿಆರ್ ಎಂಬ ಚಿತ್ರಸಂಸ್ಕರಣ ವಿಧಾನವು ಸಾಮಾನ್ಯ ವಿದ್ಯಾರ್ಥಿಯ ಕೈಗೂ ಎಟುಕಿರುವ ಈ ದಿನಗಳಲ್ಲಿ ಈ ಎಚ್ಚರಿಕೆ ಅಗತ್ಯ.

ಮಲೆನಾಡಿನಿಂದ ಓದಲು ಹೋಗಿ ವಿಜಯನಗರ, ರಾಜಾಜಿನಗರ, ಬಸವೇಶ್ವರನಗರಗಳ ಬಾಡಿಗೆ ಕೋಣೆಗಳಲ್ಲಿ ನೆಲೆಸಿರುವ ಯುವಜನರಿಗೆ ಈ ಪಾಠ ಕಲಿಸಲು ವೃಷಭಾವತಿ ನದಿಯೇ ಸಾಕು. ಬಸವನಗುಡಿಯ ದೊಡ್ಡ ಬಸವನ ಪಾದದಡಿ ಹುಟ್ಟಿತೆಂದು ಜನ ನಂಬುವ ಈ ನದಿ ಪಶ್ಚಿಮ ಬೆಂಗಳೂರಿನ ಬಡಾವಣೆಗಳ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು, ಮೈಸೂರು ರಸ್ತೆಯ ಬದಿಯಲ್ಲಿ ಹರಿದು, ಕೆಂಗೇರಿ ದಾಟಿ, ಬಿಡದಿ ಬಳಿಯ ಬೈರಮಂಗಲ ಕೆರೆ ಸೇರುತ್ತದೆ. ಅಲ್ಲಿಂದ ಮುಂದೆ ಅರ್ಕಾವತಿ, ಸಂಗಮದಲ್ಲಿ ಕಾವೇರಿ. ಕೆಂಗೇರಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಈ ನದಿಯನ್ನು ಚಿತ್ರಿಸಹೊರಟವರಿಗೆ ಮೊದಲ ತೊಡಕು ಎದುರಾಗುತ್ತದೆ. ಮೇಲೆ ಕಣ್ಣು ಕುಕ್ಕುವ ಆಕಾಶ, ಕೆಳಗೆ ನೆರಳಿನಲ್ಲಿ ಕಪ್ಪು ನೀರು. ನೀರಿಗೆ ಬೆಳಕು ಹೊಂದಿಸಿದರೆ ಆಕಾಶ ಬರಿಯ ಬಿಳಿ ಹಾಳೆ. ಆಕಾಶಕ್ಕೆ ಹೊಂದಿಸಿದರೆ ತ್ಯಾಜ್ಯ ಸುರಿಸುವ ಕೊಳವೆಯ ಬಾಯಿ ಕತ್ತಲಲ್ಲಿ ಮಾಯ.

ಒಂದೇ ದೃಶ್ಯವನ್ನು ಕಡಿಮೆ, ಮಧ್ಯಮ ಮತ್ತು ಹೆಚ್ಚು ಬೆಳಕಿನಲ್ಲಿ ಮೂರು ಬಾರಿ ಸೆರೆಹಿಡಿದು ತಂತ್ರಾಂಶದಲ್ಲಿ ಒಂದಾಗಿಸುವುದೇ ಎಚ್‌ಡಿಆರ್. ಇದು ಮೂಲತಃ ಮೋಸವಲ್ಲ. 1850ರ ದಶಕದಲ್ಲಿಯೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಒಂದೇ ಚಿತ್ರ ಮುದ್ರಿಸಿದ್ದ. 1997ರಲ್ಲಿ ಪಾಲ್ ಡೆಬೆವೆಕ್ ಮತ್ತು ಭಾರತದಲ್ಲಿ ಹುಟ್ಟಿದ ವಿಜ್ಞಾನಿ ಜಿತೇಂದ್ರ ಮಲಿಕ್, ಇಂಥ ಹಲವು ಚಿತ್ರಗಳಿಂದ ದೃಶ್ಯದ ಬೆಳಕಿನ ಏರಿಳಿತವನ್ನು ಲೆಕ್ಕಹಾಕುವ ಗಣಿತಕ್ರಮವನ್ನು ಪ್ರಕಟಿಸಿದರು. 2005ರಲ್ಲಿ ಈ ಸೌಲಭ್ಯ ಫೋಟೊಶಾಪ್ ಸಿಎಸ್2 ತಂತ್ರಾಂಶಕ್ಕೂ ಬಂತು. ಕಣ್ಣಿಗೆ ಕಾಣುವ ಆಕಾಶವನ್ನೂ ನೆರಳನ್ನೂ ಒಟ್ಟಿಗೆ ತೋರಿಸುವುದು ತಪ್ಪಲ್ಲ; ಕಣ್ಣಿಗೆ ಕಾಣದ್ದನ್ನು ಸೇರಿಸುವುದು ತಪ್ಪು. ಎಚ್‌ಡಿಆರ್‌ನ ಸಾಮಾನ್ಯ ದೋಷಗಳೆಲ್ಲ ಹುಟ್ಟುವುದು ಈ ಗೆರೆಯ ಮೇಲೆಯೇ.

ಅತ್ಯಂತ ಅಪಾಯಕಾರಿ ದೋಷ ‘ಘೋಸ್ಟಿಂಗ್’, ಅಂದರೆ ಭೂತಛಾಯೆ. ಮೂರು ಚಿತ್ರ ತೆಗೆಯುವಷ್ಟರಲ್ಲಿ ನೊರೆ ಮುಂದೆ ಸಾಗಿರುತ್ತದೆ. ತಂತ್ರಾಂಶ ಮೂರನ್ನೂ ಬೆರೆಸಿದಾಗ ಒಂದೇ ನೊರೆಮುದ್ದೆ ಮೂರು ಕಡೆ ಮೂಡಿ, ಇದ್ದುದಕ್ಕಿಂತ ಹೆಚ್ಚು ಹರಡಿದಂತೆ ಕಾಣುತ್ತದೆ. ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ಹೆಚ್ಚು ಬೆಳಕಿನ ಚಿತ್ರಕ್ಕೆ ಷಟರ್ ನಿಧಾನವಾಗಿ ಮುಚ್ಚಿಕೊಳ್ಳಬೇಕು. ಆಗ ಕಲ್ಲಿಗೆ ಬಡಿದು ಹರಿಯುವ ತಿಳಿನೀರೂ ಹಾಲಿನಂತೆ ಬೆಳ್ಳಗಾಗುತ್ತದೆ. ಜಲಪಾತಗಳ ಕ್ಯಾಲೆಂಡರ್ ಚಿತ್ರ ನೋಡಿದವರಿಗೆ ಇದು ಗೊತ್ತು. ಮಾಲಿನ್ಯದ ಚಿತ್ರದಲ್ಲಿ ಮಾತ್ರ ಅದು ನೊರೆಯೆಂಬ ಭ್ರಮೆ ಹುಟ್ಟಿಸುತ್ತದೆ. ‘ಡಿಘೋಸ್ಟ್’ ಆಯ್ಕೆ ಒತ್ತಿದರೆ ಚಲಿಸಿದ ಭಾಗವನ್ನು ತಂತ್ರಾಂಶ ಒಂದೇ ಚಿತ್ರದಿಂದ ತೆಗೆದುಕೊಳ್ಳುತ್ತದೆ. ಅದಕ್ಕಿಂತ ಒಳ್ಳೆಯ ದಾರಿಯೆಂದರೆ, ನೊರೆಯೇ ಆರೋಪದ ವಿಷಯವಾಗಿದ್ದಾಗ ಚಿತ್ರಗಳನ್ನು ಬೆರೆಸದಿರುವುದು. ವೇಗದ ಷಟರಿನಲ್ಲಿ ತೆಗೆದ ಒಂದೇ ‘ರಾ’ ಕಡತದಲ್ಲಿ ನೆರಳನ್ನು ಮಿತವಾಗಿ ಮೇಲೆತ್ತುವುದು.

ಎರಡನೆಯದು ಪ್ರಭಾವಳಿ. ಅಗಾಧ ಬೆಳಕಿನ ಅಂತರವನ್ನು ಪರದೆಯ ಸೀಮಿತ ಅಂತರಕ್ಕೆ ಹಿಂಡುವ ‘ಟೋನ್ ಮ್ಯಾಪಿಂಗ್’ ಅತಿಯಾದರೆ, ಕಪ್ಪು ಅಂಚು ಆಕಾಶವನ್ನು ಮುಟ್ಟುವಲ್ಲೆಲ್ಲ ಬೆಳ್ಳನೆಯ ಗೆರೆ ಮೂಡುತ್ತದೆ. ಕೆಂಗೇರಿಯ ಕಟ್ಟಡಗಳಿಗೆ ಅದು ಬರಿಯ ಕುರೂಪ. ಬೆಟ್ಟದ ಕ್ವಾರಿಯನ್ನೋ ಭೂಕುಸಿತವನ್ನೋ ದಾಖಲಿಸುವಾಗ ಅದೇ ಗೆರೆ ಮಂಜೆಂದೋ ಹೊಸದಾಗಿ ಕೆತ್ತಿದ ಅಂಚೆಂದೋ ತೋರಬಹುದು. ‘ಸ್ಟ್ರೆಂತ್’ ಸ್ಲೈಡರ್ ತಗ್ಗಿಸಿ, ‘ರೇಡಿಯಸ್’ ಅಥವಾ ‘ಸ್ಮೂತಿಂಗ್’ ಹೆಚ್ಚಿಸಿದರೆ ಗೆರೆ ಕರಗುತ್ತದೆ.

ಮೂರನೆಯದು ಬಣ್ಣ. ಬೆಳಕನ್ನು ಹಿಂಡಿದಾಗ ವರ್ಣಗಳು ಕೆರಳುತ್ತವೆ. ಬೂದು ನೀರು ನೀಲಿಯಾಗುತ್ತದೆ, ಒಣಗಿದ ಹುಲ್ಲು ಪಚ್ಚೆಯಾಗುತ್ತದೆ. ಕಗ್ಗತ್ತಲ ಭಾಗವನ್ನು ಬಲವಂತವಾಗಿ ಬೆಳಗಿಸಿದರೆ ನೇರಳೆ, ಹಸಿರು ಚುಕ್ಕೆಗಳೇಳುತ್ತವೆ. ಕಾರ್ಖಾನೆಯ ಬಣ್ಣವೆಂದು ಅವುಗಳತ್ತ ಬೆರಳು ತೋರಿಸಿದರೆ ಎದುರಾಳಿ ನಗುತ್ತಾನೆ. ವರ್ಣಸಾಂದ್ರತೆಯನ್ನು ಇಳಿಸಬೇಕು, ಐಎಸ್‌ಒ ಕಡಿಮೆಯಿರಬೇಕು, ನೆರಳಿನ ವಿವರ ಹಿಡಿಯುವಷ್ಟು ಬೆಳಕಿನ ಒಂದು ಚಿತ್ರ ಗುಂಪಿನಲ್ಲಿರಬೇಕು. ವೈಟ್ ಬ್ಯಾಲೆನ್ಸ್ ಮತ್ತು ಅಪರ್ಚರ್ ಮೂರರಲ್ಲಿಯೂ ಒಂದೇ ಆಗಿದ್ದು, ಷಟರ್ ವೇಗ ಮಾತ್ರ ಬದಲಾಗಬೇಕು. ಟ್ರೈಪಾಡ್ ಇಲ್ಲದವರಿಗೆ ಸೇತುವೆಯ ತಡೆಗೋಡೆಯೇ ಆಸರೆ.

ಮೊಬೈಲಿನ ಕಥೆ ಬೇರೆ. ಅನೇಕ ಫೋನುಗಳು ಕೇಳದೆಯೇ ಹಲವು ಚಿತ್ರಗಳನ್ನು ಬೆರೆಸಿ ಕೊಡುತ್ತವೆ. ಸಾಧ್ಯವಿರುವ ಫೋನಿನಲ್ಲಿ ಎಚ್‌ಡಿಆರ್ ಆರಿಸಿ, ‘ಪ್ರೊ’ ವಿಧಾನದಲ್ಲಿ ‘ರಾ’ ಕಡತ ಉಳಿಸಿಕೊಳ್ಳುವುದು ಕ್ಷೇಮ.

ಜನರ ಮನ ಕಲಕಲು ಚಿತ್ರ ಕೊಂಚ ಗಾಢವಾಗಿದ್ದರೇನು ಎಂಬ ವಾದ ಚಳವಳಿಯೊಳಗೇ ಇದೆ. ಭಿತ್ತಿಪತ್ರಕ್ಕೆ ಆ ಸ್ವಾತಂತ್ರ್ಯವಿರಲಿ, ಆದರೆ ‘ಸಂಸ್ಕರಿಸಿದ ಚಿತ್ರ’ ಎಂಬ ಒಂದು ಸಾಲು ಅದರಡಿ ಇರಲಿ. ದೂರಿನ ಜೊತೆ ಹೋಗುವ ಚಿತ್ರಕ್ಕೆ ಆ ಸ್ವಾತಂತ್ರ್ಯವಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಬಯಸುತ್ತದೆ. ಅದರ ನಮೂನೆಯಲ್ಲಿ ಕಡತದ ‘ಹ್ಯಾಶ್’ ಸಂಖ್ಯೆಯನ್ನೂ ಬರೆಯಬೇಕು. ಹ್ಯಾಶ್ ಎಂದರೆ ಕಡತದ ಬೆರಳಚ್ಚು. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಅದು ಬದಲಾಗುತ್ತದೆ. ಆದ್ದರಿಂದ ಮೂಲ ಕಡತಗಳನ್ನು ಮುಟ್ಟದೆ ಬೇರೆಡೆ ಕಾಪಿಡಬೇಕು. ದಿನ, ವೇಳೆ, ನಿಂತ ಜಾಗ ಹಾಗೂ ತಂತ್ರಾಂಶದಲ್ಲಿ ಮಾಡಿದ ಪ್ರತಿಯೊಂದು ಬದಲಾವಣೆಯನ್ನು ನೋಟ್‌ಪುಸ್ತಕದಲ್ಲಿ ಬರೆದಿಡಬೇಕು.

ವೃಷಭಾವತಿಯ ಕೊಳೆ ನಿಜ, ಬೈರಮಂಗಲದ ರೈತರ ಸಂಕಟ ನಿಜ. ಆ ನಿಜಕ್ಕೆ ಬಣ್ಣದ ಹಂಗಿಲ್ಲ. ‘ಇದು ಕಂಪ್ಯೂಟರಿನಲ್ಲಿ ಮಾಡಿದ ನೊರೆ’ ಎಂದು ತಳ್ಳಿಹಾಕುವ ಅವಕಾಶವನ್ನು ಮಾಲಿನ್ಯ ಮಾಡಿದವರಿಗೆ ಚಳವಳಿಯೇ ಕೊಡಬಾರದು. ನಗರದಲ್ಲಿ ಈ ಶಿಸ್ತು ಕಲಿತ ಕೈಗಳು ನಾಳೆ ಬೆಟ್ಟಕ್ಕೆ ಮರಳಿದಾಗ, ಅಲ್ಲಿನ ಹಳ್ಳಗಳಿಗೂ ನಂಬಿಕೆಗೆ ಅರ್ಹವಾದ ಸಾಕ್ಷಿ ದೊರೆಯಲಿ.